ಗಾಳಿ ಬೀಸಿದ್ದು ನಲವತ್ತು ನಿಮಿಷ, ಕರೆಂಟು ಹೋಗಿದ್ದು ಏಳು ದಿನ



ಶುಂಠಿ ಬಿತ್ತನೆ ಬಗ್ಗೆ ಬರೀತೀನಿ ಅಂದೋನು ಎಲ್ಲಿ ಹೋದ ಅಂತ ಮೂರ್ನಾಲ್ಕು ಜನ ಕೇಳಿದ್ರಿ. ಎಲ್ಲೂ ಹೋಗಿಲ್ಲ ಮಾರಾಯ್ರೆ, ಕತ್ತಲಲ್ಲಿ ಕೂತಿದ್ದೆ. ಭರಣಿ ಮಳೆಯ ಗಾಳಿಗೆ ಒಂದು ಭಾನುವಾರ ಸಂಜೆ ಹೋದ ಕರೆಂಟು ಇನ್ನೊಂದು ಭಾನುವಾರ ಮಧ್ಯಾಹ್ನ ಮೂರೂವರೆಗೆ ಬಂತು. ಸೊರಬ ತಾಲ್ಲೂಕಲ್ಲಿ ಇದೇನು ದೊಡ್ಡ ಸುದ್ದಿ ಅಲ್ಲ. ನಿಮ್ಮೂರಲ್ಲಿ ಐದು ದಿನ ಹೋಗಿರಬಹುದು, ಅದರಾಚೆ ಊರಲ್ಲಿ ಎಂಟು. ಸುದ್ದಿಯೇ ಅಲ್ಲ ಅನ್ನೋ ಹಂಗೆ ಆಗಿದೆಯಲ್ಲ, ನನ್ನ ತಕರಾರು ಅದರ ಮೇಲೆ. ಬರಹ ಉದ್ದ ಆಗುತ್ತೆ, ಬಿಡುವಿದ್ದಾಗ ಓದಿ. ಓದಿ ಕೆಲವರಿಗೆ ಸಿಟ್ಟು ಬರುತ್ತೆ, ಬರಲಿ. ನನಗೂ ಬಂದಿದೆ, ಅದರಲ್ಲಿ ಅರ್ಧ ನನ್ನ ಮೇಲೇ.

ಮೊದಲು ಆ ವಾರ ನಮ್ಮನೇಲಿ ಎಂತೆಂತ ಇತ್ತು ಹೇಳ್ತೀನಿ. ಸೋಮವಾರ ಶುಂಠಿ ಹಾಕಕ್ಕೆ ಹತ್ತು ಆಳು ಹೇಳಿತ್ತು, ಬೀಜ ಔಷಧಿಯಲ್ಲಿ ಅದ್ದಿ ನೆರಳಲ್ಲಿ ಹರವಿತ್ತು. ಗುರುವಾರ ಮಗಳ ಕಾಲೇಜಿನ ಅರ್ಜಿಗೆ ಕಡೇ ದಿನ, ಆನ್‌ಲೈನಲ್ಲೇ ತುಂಬಬೇಕು. ಶುಕ್ರವಾರ ಅಣ್ಣನ ಮಗಳ ನಿಶ್ಚಿತಾರ್ಥ, ನಮ್ಮ ಅಂಗಳದಲ್ಲೇ, ಎಂಬತ್ತು ಜನದ ಊಟ. ಇದರ ನಡುವೆ ಹೋದ ವರ್ಷ ನೆಟ್ಟ ಅಡಿಕೆ ಸಸಿಗೆ ಮೂರು ದಿನಕ್ಕೊಮ್ಮೆ ನೀರು, ಕೊಟ್ಟಿಗೇಲಿ ಐದು ದನ, ಮತ್ತೆ ಅವ್ವ. ಅವ್ವಂಗೆ ಸಕ್ಕರೆ ಕಾಯಿಲೆ, ದಿನಾ ಎರಡು ಹೊತ್ತು ಇನ್ಸುಲಿನ್. ಎರಡು ತಿಂಗಳಿನದ್ದು ಒಟ್ಟಿಗೆ ತಂದು ಫ್ರಿಜ್ಜಲ್ಲಿ ಇಟ್ಟಿದ್ವಿ.

ಭಾನುವಾರ ನಾಲ್ಕೂ ಕಾಲಿಗೆ ಪಡುವಣ ಕಡೆ ಕಪ್ಪಾತು. ಬೆಳಗ್ಗಿಂದ ಸೆಕೆ ಹೇಗಿತ್ತು ಅಂದ್ರೆ ನಾಯಿ ಬಚ್ಚಲ ಮೋರಿ ಬಿಟ್ಟು ಎದ್ದಿರಲಿಲ್ಲ. ಮೊದಲು ದರಕು ಹಾರಿತು, ಆಮೇಲೆ ಕೊಟ್ಟಿಗೆ ತಗಡು, ಆಮೇಲೆ ಬೀಜದ ಶುಂಠಿ ಮೇಲಿನ ತಾಡಪಾಲು. ಬಾಳೆ ಗೊನೆ ಸಮೇತ ಮಲಗಿದ್ವು. ಬ್ಯಾಣದ ಕಡೆಯಿಂದ ಮರ ಮುರಿಯೋ ಸದ್ದು ಒಂದಾದ ಮೇಲೊಂದು ಬರ್ತಿತ್ತು. ಐದು ಗಂಟೆಗೆ ಗಾಳಿ ನಿಂತು ಮಳೆ ಹಿಡೀತು. ಒಟ್ಟು ಗಾಳಿ ಬೀಸಿದ್ದು ನಲವತ್ತು ನಿಮಿಷ. ಈ ಲೆಕ್ಕ ನೆನಪಿಟ್ಕೊಳ್ಳಿ.

ಮೊದಲ ರಾತ್ರಿ ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಬೆಳಗ್ಗೆ ಬರುತ್ತೆ ಬಿಡು ಅಂತ ಮಲಗ್ತೀವಿ. ಸೋಮವಾರ ಬೆಳಗ್ಗೆ ಟ್ಯಾಂಕಿನ ನೀರು ಮುಗೀತು, ಅಷ್ಟೊತ್ತಿಗೆ ಮೊಬೈಲ್ ಟವರಿನ ಬ್ಯಾಟರಿಯೂ ಸತ್ತಿತ್ತು. 1912ಕ್ಕೆ ಫೋನ್ ಮಾಡಿ ದೂರು ಕೊಡಿ ಅಂತ ಬಿಲ್ಲಿನ ಹಿಂದೆ ಅಚ್ಚು ಹಾಕಿರ್ತಾರೆ. ಕರೆಂಟಿಲ್ಲ ಅಂತ ಹೇಳಕ್ಕೆ ಕರೆಂಟು ಬೇಕು, ಇದು ನಮ್ಮ ವ್ಯವಸ್ಥೆ. ನಾನು ಬೈಕ್ ಹಾಕ್ಕೊಂಡು ಸೆಕ್ಷನ್ ಆಫೀಸಿಗೆ ಹೋದೆ. ಅಲ್ಲಿ ನನ್ನಂಥೋರು ಮೂವತ್ತು ಜನ ನಿಂತಿದ್ರು. ಒಳಗಿದ್ದ ಒಬ್ಬರೇ ಒಬ್ಬರು ಪುಸ್ತಕದಲ್ಲಿ ಊರಿನ ಹೆಸರು ಬರ್ಕೊಳ್ತಾ ಇದ್ರು. "ಗಾಳಿ ಮಳೆ ಅಲ್ವಾ, ನಾವೇನು ಮಾಡಕ್ಕಾಗುತ್ತೆ" ಅಂದ್ರು. ಆ ಮಾತು ಅವತ್ತು ನನಗೂ ಸರಿ ಅನ್ನಿಸ್ತು.

ಆಳುಗಳು ಬಂದು, ಮಡಿಯಲ್ಲಿ ನೀರು ನಿಂತಿದ್ದು ನೋಡಿ, ಅರ್ಧ ಕೂಲಿ ತಗೊಂಡು ಹೋದ್ರು. ಬೀಜ ನೆಂದಿತ್ತು. ಅದರ ಕತೆ ಬೇರೆ ದಿನ ಬರೀತೀನಿ.

ಮಂಗಳವಾರ ಹಳೇ ಬಾವಿ ನೆನಪಾತು. ಬೋರು ಕೊರೆಸಿದ ಮೇಲೆ ಬಾವಿಗೆ ತಗಡು ಮುಚ್ಚಿ, ಅದರ ಮೇಲೆ ತೆಂಗಿನ ಮಡ್ಲು ಒಟ್ಟಿ, ನಾವು ಅದನ್ನು ಮರ್ತೇಬಿಟ್ಟಿದ್ವಿ. ಗಡಗಡೆ ತುಕ್ಕು ಹಿಡಿದು ತಿರುಗ್ತಿರಲಿಲ್ಲ. ಹಗ್ಗ ಇಲ್ಲ. ಬಿಂದಿಗೆ ಇಳಿಸೋದು ಹೇಗೆ ಅಂತ ಮಗಳಿಗೆ ಗೊತ್ತಿಲ್ಲ, ನನ್ನ ಹೆಂಡತಿಗೆ ರೂಢಿ ತಪ್ಪಿದೆ. ಎಪ್ಪತ್ತೆರಡು ವರ್ಷದ ಅವ್ವ ಬಂದು ಹಗ್ಗಕ್ಕೆ ಗಂಟು ಹಾಕಿಕೊಟ್ಟಳು. ಒಂದು ದನ ಬೇಸಿಗೇಲಿ ದಿನಕ್ಕೆ ಮೂರ್ನಾಲ್ಕು ಕೊಡ ನೀರು ಆರಾಮಾಗಿ ಕುಡಿಯುತ್ತೆ, ಐದು ದನಕ್ಕೆ ಲೆಕ್ಕ ಹಾಕಿ. ಸೇದಿ ಸೇದಿ ನಮ್ಮನೆಯವಳ ಅಂಗೈ ಬೊಬ್ಬೆ ಬಂತು. "ನೀವು ಬರೆಯೋ ಪೇಜಲ್ಲಿ ಇದನ್ನೂ ಬರೀರಿ, ಬರೀ ಅಡಿಕೆ ರೇಟು ಬರೀತೀರಿ" ಅಂದಳು. ಬರೆದಿದೀನಿ.

ಆ ವಾರ ಗಂಡಸರು ಟಿಸಿ ಹತ್ರ ನಿಂತು ಕರೆಂಟಿನವರನ್ನು ಬೈದ್ವಿ. ಹೆಂಗಸರು ನೀರು ಸೇದಿದ್ರು, ಒರಳಲ್ಲಿ ರುಬ್ಬಿದ್ರು, ಸಂಜೆ ಡೇರಿಯಲ್ಲಿ ತಗೊಳ್ಳದೆ ವಾಪಸ್ ಬಂದ ಹಾಲನ್ನು ಕಾಯಿಸಿ ಹೆಪ್ಪು ಹಾಕಿದ್ರು. ಡೇರಿಯವರ ತಪ್ಪಲ್ಲ ಬಿಡಿ, ಅವರಿಗೂ ಕರೆಂಟಿಲ್ಲ.

ಇನ್ಸುಲಿನ್ ವಿಷಯ ಸ್ವಲ್ಪ ಹೇಳಬೇಕು, ಯಾಕಂದ್ರೆ ನಿಮ್ಮನೇಲೂ ಇರುತ್ತೆ. ಬಳಸ್ತಾ ಇರೋ ಸೀಸೆ 30 ಡಿಗ್ರಿ ಒಳಗಿದ್ರೆ ಸುಮಾರು ನಾಲ್ಕು ವಾರ ಹೊರಗೇ ಇರಬಹುದು, ಭಯ ಬೀಳಬೇಡಿ. ತೊಂದರೆ ಆಗೋದು ತೆರೆಯದೇ ಇಟ್ಟ ಸೀಸೆಗಳದ್ದು, ಅವು ಫ್ರಿಜ್ಜಲ್ಲೇ ಇರಬೇಕು. ಮೇ ತಿಂಗಳ ಮಧ್ಯಾಹ್ನ ನಮ್ಮ ಹಂಚಿನ ಮನೆ ಒಳಗೂ 30 ದಾಟುತ್ತೆ. ಅವ್ವಂದು ಬಳಸೋ ಸೀಸೆಯನ್ನು ಒಂದು ಗಡಿಗೆ ಒಳಗೆ ಇನ್ನೊಂದು ಸಣ್ಣ ಗಡಿಗೆ ಇಟ್ಟು, ನಡುವೆ ಹಸಿ ಮರಳು ತುಂಬಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ ಬಚ್ಚಲ ಮೂಲೇಲಿ ಇಟ್ವಿ. ತೆರೆಯದ ಮೂರು ಸೀಸೆ ಹಿಡ್ಕೊಂಡು ಸೊರಬಕ್ಕೆ ಹೋಗಿ, ಗುರುತಿನ ಔಷಧಿ ಅಂಗಡಿಯವರ ಫ್ರಿಜ್ಜಲ್ಲಿ ಇಟ್ಟು ಬಂದೆ. ಫ್ರಿಜ್ಜು ಬಂದ್ ಆಗಿದ್ರೂ ಬಾಗಿಲು ತೆಗೀದೇ ಇದ್ರೆ ನಾಕೈದು ಗಂಟೆ ತಂಪಿರುತ್ತೆ, ನಮ್ಮನೇಲಿ ಹತ್ತು ಸಲ ತೆಗೆದು ನೋಡಿದ್ರು ತಂಪಿದೆಯಾ ಅಂತ.

ಈಗ ಬುಧವಾರಕ್ಕೆ ಬರ್ತೀನಿ. ಈ ಬರಹ ಬರೆಯೋ ಹಂಗಾಗಿದ್ದು ಆ ದಿನದಿಂದ.

ನಮ್ಮ ಕಡೆ ಇರೋ ಪವರ್‌ಮನ್ ಹುಡುಗ ವಿಜಯಪುರದ ಕಡೆಯೋನು. ಆರು ಊರಿಗೆ ಅವನೊಬ್ಬ. ಭಾನುವಾರ ಸಂಜೆಯಿಂದ ಮನೆಗೆ ಹೋಗಿರಲಿಲ್ಲ, ಕಾಲಲ್ಲಿದ್ದ ಬೂಟು ಒದ್ದೆಯಾಗಿ ಒಣಗಿ ಮತ್ತೆ ಒದ್ದೆಯಾಗಿತ್ತು. ಊರಿನ ವಾಟ್ಸಾಪ್ ಗುಂಪಲ್ಲಿ (ನೆಟ್ ಸಿಕ್ಕಾಗ) ಅವನ ಬಗ್ಗೆ ಬರೆದಿದ್ದನ್ನು ಇಲ್ಲಿ ಬರೆಯಕ್ಕಾಗಲ್ಲ. ನಾನೂ ಎರಡು ಮಾತು ಹಾಕಿದ್ದೆ. ಬುಧವಾರ ಬೆಳಗ್ಗೆ ಅವನ ಜೊತೆ 11 ಕೆವಿ ಲೈನ್ ಹಿಡ್ಕೊಂಡು ನಡ್ಕೊಂಡು ಹೋದೆ, ಏಣಿ ಹೊರಕ್ಕೆ ಜನ ಬೇಕಿತ್ತು. ಕಾನಿನ ಅಂಚಲ್ಲಿ ಅಕೇಶಿಯಾ ಬಿದ್ದು ಮೂರು ಕಂಬ ಮುರಿದಿತ್ತು. ಅದಕ್ಕೆ ಬೇರು ಮೇಲೇ, ಕೊಂಬೆ ಲಡ್ಡು, ಗಾಳಿಗೆ ನಿಲ್ಲಲ್ಲ, ಅದು ಎಲ್ಲರಿಗೂ ಗೊತ್ತಿರೋದೇ. ಅಲ್ಲಿಂದ ಮುಂದೆ ನಮ್ಮದೇ ಹಕ್ಲು. ಅಲ್ಲಿ ಒಂದು ಸಾಗವಾನಿ ನಡುಮುರಿದು ಎರಡು ತಂತಿ ಎಳ್ಕೊಂಡು ಮಲಗಿತ್ತು. ಎಳೆದ ರಭಸಕ್ಕೆ ಅದರಾಚೆಗಿನ ಎರಡು ಕಂಬ ವಾಲಿತ್ತು.

ಹುಡುಗ ಮರ ನೋಡಿದ, ನನ್ನ ಮುಖ ನೋಡಿದ. "ಫೆಬ್ರವರಿಯೊಳಗ ಈ ಮರದ ಟೊಂಗಿ ಹೊಡಿಯಾಕ ಬಂದಿದ್ದೆ. ನೀವೇ ಬ್ಯಾಡ ಅಂದಿದ್ರಲ್ರೀ ಅಣ್ಣಾರ" ಅಂದ. ಸಿಟ್ಟಿಲ್ಲ, ವ್ಯಂಗ್ಯ ಇಲ್ಲ. ನೆನಪು ಮಾಡಿಕೊಟ್ಟ ಅಷ್ಟೆ, ಆಮೇಲೆ ಗರಗಸ ತಗೊಂಡ.

ನಿಜ. ಜಂಗಲ್ ಕಟಿಂಗ್ ಅಂತ ಮೂರು ಜನ ಬಂದಿದ್ರು. ನಾನು ಗೇಟಲ್ಲೇ ನಿಲ್ಲಿಸಿ, "ಸಾಗವಾನಿ ಮುಟ್ಟಬೇಕಂದ್ರೆ ಅರಣ್ಯ ಇಲಾಖೆ ಪರ್ಮಿಷನ್ ತಗೊಂಡು ಬನ್ನಿ" ಅಂದಿದ್ದೆ. ಟೊಂಗೆ ಇಳಿಸೋದಕ್ಕೂ ಬುಡ ಕಡಿಯೋದಕ್ಕೂ ವ್ಯತ್ಯಾಸ ನನಗೆ ಗೊತ್ತಿಲ್ಲದೇ ಏನಲ್ಲ. ತುದಿ ಹೊಡೆದ್ರೆ ನಾಟಾ ಡೊಂಕಾಗುತ್ತೆ, ರೇಟು ಬೀಳುತ್ತೆ, ಅಷ್ಟೇ ಕಾರಣ. ಆ ಲೈನು ಅಪ್ಪನ ಕಾಲದಲ್ಲೇ ಬಂದಿದ್ದು. ಸಾಗವಾನಿ ನಾನು ನೆಟ್ಟಿದ್ದು 2009ರಲ್ಲಿ, ಲೈನಿನ ಅಡಿಗೇ, ಹದಿನಾಲ್ಕು ಗಿಡ, ಒಂದೇ ಸಾಲಲ್ಲಿ. ಆ ಜಾಗದಲ್ಲಿ ಬೇರೆ ಏನೂ ಬರಲ್ಲ ಅಂತ ಅಲ್ಲಿ ನೆಟ್ಟಿದ್ದೆ. ನೀವೂ ಹಿಂಗೇ ನೆಟ್ಟಿರ್ತೀರಿ. ಸಿಲ್ವರ್ ಓಕೋ, ಅಡಿಕೆಯೋ, ತೆಂಗೋ.

ಕಾನೂನು ಇದರ ಬಗ್ಗೆ ಏನು ಹೇಳುತ್ತೆ ಅಂತ ಆಮೇಲೆ ಹುಡುಕಿದೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 68ನೇ ಕಲಂ ಓದಿ. ಲೈನಿಗೆ ತೊಂದರೆ ಕೊಡೋ ಮರ ತೆಗೆಸಕ್ಕೆ ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. ಲೈನ್ ಎಳೆಯೋಕೆ ಮುಂಚೆಯಿಂದಲೇ ಇದ್ದ ಮರ ಆದ್ರೆ ಮಾಲೀಕನಿಗೆ ಪರಿಹಾರ ಕೊಡಿಸ್ತಾರೆ. ಲೈನ್ ಬಂದ ಮೇಲೆ ನೆಟ್ಟ ಮರಕ್ಕೆ ಆ ಮಾತು ಇಲ್ಲ. ಅಂದ್ರೆ ನಾನು ಗೇಟಲ್ಲಿ ನಿಂತು ಆಡಿದ ಕಾನೂನಿನ ಮಾತಿಗೆ ಬುಡವೇ ಇರಲಿಲ್ಲ.

ಗುರುವಾರ ಮಗಳು ಬೆಳಗ್ಗೆ ಬಸ್ಸಿಗೆ ಸೊರಬಕ್ಕೆ ಹೋಗಿ, ಸೈಬರ್‌ನಲ್ಲಿ ಮೂರು ಗಂಟೆ ಕಾದು ಅರ್ಜಿ ಹಾಕಿ ಬಂದಳು. ಅವಳ ಜೊತೆ ಹೊರಟ ಇನ್ನೊಂದು ಹುಡುಗಿಯ ಅಂಕಪಟ್ಟಿ ಫೋನಲ್ಲಿತ್ತು, ಫೋನ್ ಚಾರ್ಜ್ ಇರಲಿಲ್ಲ. ಹೆಂಗೋ ಆತು.

ಗುರುವಾರ ರಾತ್ರಿ ಒಂಬತ್ತಕ್ಕೆ ಕರೆಂಟು ಬಂತು! ಊರಲ್ಲಿ ಮಕ್ಕಳು ಕೂಗಿದ್ದು ಗುಡ್ಡದಾಚೆಗೂ ಕೇಳಿರಬೇಕು. ಹತ್ತು ನಿಮಿಷ ಇತ್ತು. ಆಮೇಲೆ ಟಿಸಿಯಿಂದ ಢಂ ಅಂತ ಸದ್ದು, ಎಣ್ಣೆ ಸುಟ್ಟ ವಾಸನೆ, ಮತ್ತೆ ಕತ್ತಲು.

ಇದು ಗಾಳಿಯಿಂದ ಆಗಿದ್ದಾ? ಅಲ್ಲ. ನಮ್ಮ ಟಿಸಿ 63 ಕೆವಿಎ. ಅದರ ಮೇಲೆ ಲೆಕ್ಕದ ಪ್ರಕಾರ ಹನ್ನೊಂದು ಪಂಪ್‌ಸೆಟ್. ನಿಜವಾಗಿ ಇರೋದು ಹತ್ತೊಂಬತ್ತು, ಯಾರ್ಯಾರದ್ದು ಅಂತ ನಮಗೆಲ್ಲ ಗೊತ್ತು. ಹತ್ತೊಂಬತ್ತರಲ್ಲಿ ಹದಿನೈದಕ್ಕೆ ಆಟೋ ಸ್ಟಾರ್ಟರ್. ನಾಲ್ಕು ದಿನ ನೀರು ಕಾಣದ ತೋಟ, ಕರೆಂಟು ಬಂದ ತಕ್ಷಣ ಹದಿನೈದು ಮೋಟಾರೂ ಒಂದೇ ಉಸಿರಿಗೆ ಎದ್ದು ನಿಂತ್ವು. ಮೋಟಾರು ಏಳೋ ಹೊತ್ತಲ್ಲಿ ಓಡೋ ಹೊತ್ತಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತೆ. ಜೊತೆಗೆ ಊರಿನ ಎಲ್ಲಾ ಫ್ರಿಜ್ಜು, ಮಿಕ್ಸಿ, ಗೀಸರ್. ಹಳೇ ಟಿಸಿ ಹತ್ತು ನಿಮಿಷ ತಡೀತು ಅನ್ನೋದೇ ದೊಡ್ಡದು. ಸಬ್‌ಸ್ಟೇಷನ್ನಿಂದ ಲೈನ್ ಚಾರ್ಜ್ ಮಾಡೋ ಮುಂಚೆ ಹುಡುಗ ಬೈಕಲ್ಲಿ ಬಂದು, "ಸ್ಟಾರ್ಟರ್ ಆಫ್ ಮಾಡ್ಕೊಳ್ರೀ, ಒಬ್ಬೊಬ್ರೇ ಹಾಕ್ರಿ" ಅಂತ ಕೂಗಿ ಹೋಗಿದ್ದ. ಯಾರೂ ಮಾಡಲಿಲ್ಲ. ಪಕ್ಕದೋನು ಮಾಡ್ತಾನೆ, ನಾನೊಬ್ಬ ಬಿಟ್ರೆ ಏನಾಗುತ್ತೆ ಅಂತ ಹದಿನೈದು ಜನವೂ ಅಂದ್ಕೊಂಡ್ವಿ.

ಅಲ್ಲಿಂದ ಇನ್ನೂ ಮೂರು ದಿನ. ಲೆಕ್ಕ ಹಾಕಿ ನೋಡಿ. ಗಾಳಿ ಎಷ್ಟೇ ಜೋರು ಇದ್ರೂ ಅಕೇಶಿಯಾ ತೆಗೆದು, ಮೂರು ಕಂಬ ನಿಲ್ಲಿಸಕ್ಕೆ ಎರಡು ದಿನ ಅಂತಿಟ್ಕೊಳ್ಳಿ. ಉಳಿದ ಎರಡು ದಿನ ನನ್ನ ಸಾಗವಾನಿದು, ಮತ್ತೆ ಆರು ಊರಿಗೆ ಒಬ್ಬನೇ ಪವರ್‌ಮನ್ ಅನ್ನೋದರದ್ದು. ಆಮೇಲಿನ ಮೂರು ದಿನ ನಮ್ಮ ಆಟೋ ಸ್ಟಾರ್ಟರ್‌ದು, ಮತ್ತೆ ಸುಟ್ಟ ಟಿಸಿಗೆ ಬದಲಿ ಟಿಸಿ ಕೈಯಳತೇಲಿ ಇಟ್ಕೊಳ್ಳದ ಆಫೀಸಿಂದು. ಗಾಳಿಗೆ ಎರಡೇ ದಿನ ಬರುತ್ತೆ.

ಶುಕ್ರವಾರ ನಿಶ್ಚಿತಾರ್ಥಕ್ಕೆ ಜನರೇಟರ್ ತರಿಸಿದ್ವಿ. ಶಾಮಿಯಾನದ ಹುಡುಗ ಒಂದು ವೈರಿನ ಎರಡೂ ತುದಿಗೆ ಪಿನ್ ಹಾಕಿ, ಜನರೇಟರಿಂದ ಸೀದಾ ಮನೆ ಗೋಡೆಯ ಪ್ಲಗ್ಗಿಗೆ ಚುಚ್ಚಕ್ಕೆ ಹೊರಟಿದ್ದ. ಮೇನ್ ಸ್ವಿಚ್ ಆನ್ ಇತ್ತು. ಆ ಹೊತ್ತಲ್ಲಿ ನಮ್ಮನೆಯಿಂದ ಮೂರನೇ ಕಂಬದ ಮೇಲೆ ಅದೇ ಪವರ್‌ಮನ್ ಕೂತಿದ್ದ. ಅಣ್ಣ ನೋಡಿ ಕಿರುಚಿದ, ನಿಂತಿತು. ಇದನ್ನ ದಪ್ಪ ಅಕ್ಷರದಲ್ಲಿ ಬರೀಬೇಕು ಅನ್ಸುತ್ತೆ: ಚೇಂಜ್ ಓವರ್ ಸ್ವಿಚ್ ಇಲ್ಲದೇ ಜನರೇಟರ್ ಮನೆ ವೈರಿಂಗಿಗೆ ಕೊಡಬೇಡಿ. ಕೊಟ್ರೆ ಕರೆಂಟು ಮನೆಯಿಂದ ಹೊರಗೆ ಕಂಬಕ್ಕೆ ಹೋಗುತ್ತೆ. ಟಿಸಿ ಜೋಡಿಸಿದ್ರೆ ಅದೇ ಟಿಸಿ ಉಲ್ಟಾ ಕೆಲಸ ಮಾಡಿ ಆ ಕಡೆ 11 ಸಾವಿರ ವೋಲ್ಟ್ ಮಾಡುತ್ತೆ. ಲೈನ್ ಆಫ್ ಇದೆ ಅಂತ ನಂಬಿ ಮೇಲೆ ಹತ್ತಿದೋನು ಹೆಣವಾಗಿ ಇಳೀತಾನೆ. ನಿಶ್ಚಿತಾರ್ಥದ ದಿನ ನಮ್ಮ ಮನೆಯಿಂದ ಆ ಪಾಪ ನಡೆದುಹೋಗ್ತಿತ್ತು.

ಈಗ ನಮ್ಮಲ್ಲಿ ಕೇಳಿಬರೋ ಮೂರು ಮಾತಿಗೆ ಉತ್ತರ ಹೇಳಿಬಿಡ್ತೀನಿ.

ಮೊದಲನೇದು, "ಗಾಳಿ ಮಳೆ ದೇವರದ್ದು, ಯಾರೇನು ಮಾಡಕ್ಕಾಗುತ್ತೆ." ಇದನ್ನು ನಾವೂ ಹೇಳ್ತೀವಿ, ಆಫೀಸಿನವರೂ ಹೇಳ್ತಾರೆ, ಕಾನೂನೂ ಹೇಳುತ್ತೆ. ಕಾಯ್ದೆಯ 57ನೇ ಕಲಮಲ್ಲಿ ಇಂತಿಷ್ಟು ಹೊತ್ತಿಗೆ ಕರೆಂಟು ಸರಿ ಮಾಡದಿದ್ರೆ ಗ್ರಾಹಕನಿಗೆ ಪರಿಹಾರ ಕೊಡಬೇಕು ಅಂತಿದೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2004ರಲ್ಲಿ ಮಾಡಿದ ನಿಯಮದಲ್ಲಿ ಟಿಸಿ ಸುಟ್ರೆ ಪಟ್ಟಣದಲ್ಲಿ 24 ಗಂಟೆ, ಹಳ್ಳಿಯಲ್ಲಿ 72 ಗಂಟೆ ಅಂತ ಹಾಕಿದ್ರು. (ಹಳ್ಳಿಯೋನ ದನಕ್ಕೆ ಮೂರು ದಿನ ಬಾಯಾರಿಕೆ ಆಗಲ್ಲ ಅಂತ ಯಾರು ಲೆಕ್ಕ ಹಾಕಿದ್ರೋ.) 2020ರ ಡಿಸೆಂಬರ್ 31ಕ್ಕೆ ಕೇಂದ್ರ ಸರ್ಕಾರ ಗ್ರಾಹಕರ ಹಕ್ಕಿನ ನಿಯಮ ಅಂತ ತಂದು, ಪರಿಹಾರ ತಾನಾಗೇ ಸಿಗೋ ಹಂಗಿರಬೇಕು ಅಂದಿತು. ಆದ್ರೆ ಇಂಥ ನಿಯಮಗಳಲ್ಲೆಲ್ಲ ಒಂದು ಕಿಂಡಿ ಇಟ್ಟಿರ್ತಾರೆ: ನೆರೆ, ಚಂಡಮಾರುತ, ಭೂಕಂಪದಂಥ ಕೈ ಮೀರಿದ್ದು ಬಂದಾಗ ಗಡುವು ಲೆಕ್ಕಕ್ಕಿಲ್ಲ.

ಕೈ ಮೀರಿದ್ದಕ್ಕೆ ಬಿಡಬೇಕು, ಒಪ್ತೀನಿ. 2021ರ ಮೇ ತಿಂಗಳಲ್ಲಿ ಅರಬ್ಬೀ ಸಮುದ್ರದಲ್ಲಿ ತೌಕ್ತೆ ಎದ್ದಿತಲ್ಲ, ಕರಾವಳಿ ಮಲೆನಾಡು ಎಲ್ಲಾ ತೊಳ್ಕೊಂಡು ಹೋಗಿ ಗುಜರಾತಿಗೆ ಬಡೀತಲ್ಲ, ಅಂಥದಕ್ಕೆ ಬಿಡೋಣ. ಆದ್ರೆ ಭರಣಿ ಗಾಳಿ ಕೈ ಮೀರಿದ್ದಾ? ಏಪ್ರಿಲ್ 13-14ಕ್ಕೆ ಅಶ್ವಿನಿ, 27ರ ಹೊತ್ತಿಗೆ ಭರಣಿ, ಮೇ 11ಕ್ಕೆ ಕೃತಿಕೆ. ಗೋಡೆಗೆ ನೇತಾಕಿರೋ ಕ್ಯಾಲೆಂಡರಲ್ಲಿ ತಾರೀಕು ಸಮೇತ ಇದೆ. ಯುಗಾದಿ ಮುಗಿದ ಮೇಲೆ ಸೆಕೆ ಏರಿ, ಸಂಜೆ ಹೊತ್ತು ಮೋಡ ಕಟ್ಟಿ, ಗುಡುಗು ಸಿಡಿಲು ಗಾಳಿ ಬರೋದು ನಮ್ಮಜ್ಜನ ಕಾಲದಿಂದ ನೋಡಿದ್ದೇವೆ. ಗಾಳಿ ಬರುತ್ತೆ ಅಂತ ಗೊತ್ತಿದ್ದೇ ನಾವು ಬಾಳೆಗೆ ಊರುಗೋಲು ಕೊಡ್ತೀವಿ, ಹಂಚು ಕೈಯಾಡಿಸ್ತೀವಿ, ಸೌದೆ ಒಳಗೆ ಹಾಕ್ತೀವಿ. ಲೈನಿಗೆ ಮಾತ್ರ ಅದು ಪ್ರತಿ ವರ್ಷ ಆಕಸ್ಮಿಕ. ವರ್ಷಾ ವರ್ಷಾ ತಾರೀಕು ಹಾಕ್ಕೊಂಡು ಬರೋದನ್ನ ಆಕಸ್ಮಿಕ ಅಂತ ಬರ್ಕೊಳ್ಳೋ ಪುಸ್ತಕಕ್ಕೆ ನಾವು ಸಹಿ ಹಾಕಬಾರದು.

ಎರಡನೇದು, "ಪುಕ್ಕಟೆ ಕರೆಂಟಿಗೆ ಎಂತ ಕೇಳೋದು." ಇದು ನನಗೆ ಎಲ್ಲಕ್ಕಿಂತ ಸಿಟ್ಟು ಬರಿಸೋ ಮಾತು. 10 ಎಚ್‌ಪಿ ಒಳಗಿನ ಪಂಪ್‌ಸೆಟ್ಟಿಗೆ 2008ರಿಂದ ಬಿಲ್ಲಿಲ್ಲ, ಮನೆಗೆ 2023ರ ಜುಲೈಯಿಂದ ಗೃಹಜ್ಯೋತಿ, 200 ಯೂನಿಟ್ ಒಳಗೆ. ಸರಿ. ಆದ್ರೆ ಆ ದುಡ್ಡು ಯಾರೂ ಕೊಡ್ತಿಲ್ಲ ಅಂತಲ್ಲ. ಸರ್ಕಾರ ಕೊಡುತ್ತೆ, ಸಬ್ಸಿಡಿ ಅಂತ, ನಾವೇ ಕಟ್ಟೋ ತೆರಿಗೆಯಿಂದ. ಗೊಬ್ಬರದಿಂದ ಹಿಡಿದು ಪೈಪಿನ ತನಕ ಎಲ್ಲಕ್ಕೂ ತೆರಿಗೆ ಕೊಟ್ಟೇ ತರ್ತೀವಿ. ನಮ್ಮ ಬಿಲ್ಲು ಬೇರೆ ಕೈಯಿಂದ ಕಟ್ಟಿ ಆಗಿದೆ. ಬಾಯಿ ಮುಚ್ಕೊಂಡಿರಿ ಅಂತ ಯಾರೂ ಷರತ್ತು ಹಾಕಿಲ್ಲ, ನಾವೇ ಹಾಕ್ಕೊಂಡಿದೀವಿ. ಇನ್ನು ಪುಕ್ಕಟೆ ಅನ್ನೋದಾದ್ರೆ, ಸಾಗರದ ಕಡೆ ತಿರುಗಿ ನೋಡಿ. 1964ರಲ್ಲಿ ಲಿಂಗನಮಕ್ಕಿ ಕಟ್ಟಿ ಮುಗಿಸಿದ್ರು. ಶರಾವತಿ ವಿದ್ಯುದಾಗಾರದ್ದು 1035 ಮೆಗಾವಾಟ್. ಮನೆ ಗದ್ದೆ ಮುಳುಗಿಸ್ಕೊಂಡು ಎದ್ದು ಬಂದೋರು ಜಿಲ್ಲೆ ತುಂಬಾ ಇದಾರೆ. ರಾಜ್ಯಕ್ಕೆ ದೀಪ ಕೊಟ್ಟ ಜಿಲ್ಲೆ ಇದು, ಇಲ್ಲಿ ಪುಕ್ಕಟೆ ಅನ್ನೋ ಮಾತು ಆಡೋ ಮುಂಚೆ ಸ್ವಲ್ಪ ಯೋಚನೆ ಮಾಡಿ.

ಮೂರನೇದು, "ಯುಪಿಎಸ್ ಹಾಕ್ಸು, ಸೋಲಾರ್ ಹಾಕ್ಸು, ತಲೆಬಿಸಿ ಇಲ್ಲ." ಹಾಕ್ಸಿ, ಬೇಡ ಅನ್ನಲ್ಲ. ನಮ್ಮೂರಲ್ಲಿ ನಾಲ್ಕು ಮನೇಲಿ ದೊಡ್ಡ ಯುಪಿಎಸ್ ಇದೆ. ಆ ನಾಲ್ಕೂ ಮನೆಯವರ ಫೋನಿಗೆ ಆಫೀಸಲ್ಲಿ ಬೆಲೆ ಇದೆ, ಮೊದಲೆಲ್ಲ ಕರೆಂಟು ಹೋದ ಅರ್ಧ ಗಂಟೆಗೆ ಅವರೇ ಮಾಡ್ತಿದ್ರು. ಯುಪಿಎಸ್ ಬಂದ ಮೇಲೆ ಅವರಿಗೆ ಎರಡು ದಿನ ಗೊತ್ತೇ ಆಗಲ್ಲ. ಕೇಳೋರು ಹೋದ್ರು, ಉಳಿದಿದ್ದು ನಾವು. ಅವರ ಮೇಲೆ ದೂರಲ್ಲ, ನಡೆದಿದ್ದು ಹೇಳ್ದೆ. ಮತ್ತೆ ಸೋಲಾರ್ ಬಗ್ಗೆ ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಬ್ಸಿಡಿ ಸಿಗುತ್ತೆ ಅಂತ ನಮ್ಮ ಪಕ್ಕದ ಮನೆಯವರು ಹಾಕಿಸಿದ್ರು. ಮಂಗಳವಾರ ಮಧ್ಯಾಹ್ನ ಸುಡು ಬಿಸಿಲು, ಮಾಡಿನ ಮೇಲೆ ಆರು ಫಲಕ, ಮನೆ ಒಳಗೆ ಫ್ಯಾನಿಲ್ಲ. ಲೈನಿಗೆ ಜೋಡಿಸಿದ ಬ್ಯಾಟರಿ ಇಲ್ಲದ ಸೋಲಾರ್, ಲೈನಲ್ಲಿ ಕರೆಂಟು ಇಲ್ಲ ಅಂದ ತಕ್ಷಣ ತಾನೂ ನಿಲ್ಲುತ್ತೆ. ಮೇಲೆ ಹೇಳಿದ ಜನರೇಟರಿನ ಕಾರಣಕ್ಕೇ, ಕಂಬದ ಮೇಲಿರೋನು ಸಾಯಬಾರದು ಅಂತ ಹಂಗೆ ಮಾಡಿರೋದು. ಕರೆಂಟು ಹೋದಾಗಲೂ ಬೇಕಂದ್ರೆ ಬ್ಯಾಟರಿ ಇರೋ ಬೇರೆ ಥರದ್ದು ಹಾಕಿಸಬೇಕು, ದುಡ್ಡು ಜಾಸ್ತಿ. ಹಾಕಿಸೋರು ಮುಂಚೆ ಕೇಳ್ಕೊಳ್ಳಿ.

ಇಷ್ಟೆಲ್ಲ ಆದ್ಮೇಲೆ ಆಫೀಸನ್ನು ಬಿಟ್ಟುಬಿಡ್ತಿದೀನಿ ಅಂದ್ಕೋಬೇಡಿ. ಟಿಸಿ ತರಕ್ಕೆ ಶನಿವಾರ ನಮ್ಮದೇ ಟ್ರ್ಯಾಕ್ಟರ್ ಹೋಯ್ತು, ನಮ್ಮದೇ ಡೀಸೆಲ್, ಇಳಿಸಕ್ಕೆ ನಮ್ಮೂರ ಹನ್ನೆರಡು ಜನ. ಅದು ನಮ್ಮ ಕೆಲಸ ಅಲ್ಲ. ಗೇಟಲ್ಲಿ ನಾನು ಬೇಡ ಅಂದಾಗ ಆ ಹುಡುಗ ವಾಪಸ್ ಹೋಗಿದ್ದು ಸರಿ, ಅವನಿಗೆ ಅಧಿಕಾರ ಇಲ್ಲ. ಅವನ ಮೇಲಿನೋರು ನನಗೊಂದು ನೋಟೀಸ್ ಯಾಕೆ ಕೊಡಲಿಲ್ಲ? ಕೊಟ್ಟಿದ್ರೆ ನಾನು ಬೈಕೊಂಡು ಟೊಂಗೆ ಇಳಿಸ್ತಿದ್ದೆ, ನಾಲ್ಕು ಊರಿಗೆ ಕರೆಂಟು ಇರ್ತಿತ್ತು. ಬೇಡ ಅಂದ್ರಾ, ಬಿಡು, ಅಂತ ಬಿಟ್ಟುಬಿಟ್ರು. ಮಳೆ ಬಂದ ಮೇಲೆ ಗಾಳಿ ಮೇಲೆ ಹಾಕಬಹುದಲ್ಲ. ನಾನೂ ಗಾಳಿ ಮೇಲೆ ಹಾಕ್ದೆ. ಇಬ್ಬರಿಗೂ ಗಾಳಿ ಒಳ್ಳೆ ಅನುಕೂಲ.

ನನ್ನ ಖರ್ಚು ಬರೆದಿಟ್ಟಿದೀನಿ: ಜನರೇಟರ್ ಬಾಡಿಗೆ ಡೀಸೆಲ್ ಸೇರಿ 6,200, ಆಳಿನ ಅರ್ಧ ಕೂಲಿ 2,500, ಕೊಳೆತ ಬೀಜದ ಶುಂಠಿ ಸುಮಾರು 7,000, ಟಿಸಿ ಕಡೆ ನನ್ನ ಪಾಲು 800. ಒಟ್ಟು 16,500. ಆ ಮುರಿದ ಸಾಗವಾನಿ ಈಗ ಸೌದೆ ರೇಟಿಗೂ ಹೋಗಲ್ಲ, ನಡುಮಧ್ಯ ಸೀಳಿದೆ. ಹೆಂಡತಿಯ ಅಂಗೈ ಈ ಲೆಕ್ಕದಲ್ಲಿ ಇಲ್ಲ.

ಮಾಡಿದ್ದು ಇಷ್ಟು. ನಮ್ಮ ಟಿಸಿಯ ಹತ್ತೊಂಬತ್ತು ಜನರಲ್ಲಿ ಹದಿಮೂರು ಜನ ಸಹಿ ಹಾಕಿ ಒಂದು ಅರ್ಜಿ ಬರೆದಿದೀವಿ. ಅದರಲ್ಲಿ ಎರಡು ಕೇಳಿದೀವಿ: ಟಿಸಿಯನ್ನು ದೊಡ್ಡದು ಮಾಡಿ ಅಂತ, ಮತ್ತೆ ಜಂಗಲ್ ಕಟಿಂಗ್ ಮಾರ್ಚ್ ಕಡೆಯೊಳಗೆ ಮುಗಿಸಿ, ಅಡ್ಡ ಬರೋನಿಗೆ ನೋಟೀಸ್ ಕೊಡಿ ಅಂತ. ಮೊದಲ ನೋಟೀಸ್ ನನಗೇ ಬರಲಿ. ಅಕ್ರಮ ಸಂಪರ್ಕದ ಎಂಟು ಜನರಲ್ಲಿ ಎರಡು ಜನ ಸಕ್ರಮಕ್ಕೆ ದುಡ್ಡು ಕಟ್ತೀನಿ ಅಂದಿದಾರೆ, ಆರು ಜನ ನನ್ನ ಜೊತೆ ಮಾತಾಡ್ತಿಲ್ಲ. ಉತ್ತರ ಬರದಿದ್ರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಹೋಗ್ತೀವಿ. ಕಾಯ್ದೆಯ 42ನೇ ಕಲಂ ಪ್ರಕಾರ ಅದು ಇರಲೇಬೇಕು, ಅಲ್ಲಿಗೂ ಆಗದಿದ್ರೆ ಮೇಲೆ ಓಂಬುಡ್ಸ್‌ಮನ್ ಇದಾರೆ. ಬೇರೆ ಊರಿನೋರಿಗೆ ಅರ್ಜಿಯ ನಕಲು ಬೇಕಾದ್ರೆ ಕೇಳಿ, ಕಳಿಸ್ತೀನಿ.

ಆಟೋ ಸ್ಟಾರ್ಟರ್ ನಾನು ಬಿಚ್ಚಿಸಿದೆ. ರಾತ್ರಿ ಎರಡು ಗಂಟೆಗೆ ಎದ್ದು ಮೋಟಾರ್ ಹಾಕಕ್ಕೆ ಹೋಗೋದು ಕಷ್ಟ, ಹಾವು ಹುಳ ಇರೋ ಜಾಗ, ನಿಮಗೆ ಗೊತ್ತಲ್ಲ. ಪಾಳಿ ಮಾಡ್ಕೊಳ್ಳೋಣ ಅಂತ ಮಾತಾಡ್ತಾ ಇದೀವಿ, ಇನ್ನೂ ಹೊಂದಿಕೆ ಆಗಿಲ್ಲ.

ಉಳಿದ ಹದಿಮೂರು ಸಾಗವಾನಿ ಕಡಿಯೋಕೆ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟಿದೀನಿ. ಅಷ್ಟರೊಳಗೆ ಟೊಂಗೆ ಇಳಿಸ್ತೀವಿ. ಬರೋ ಭಾನುವಾರ ಬೆಳಗ್ಗೆ ಎಂಟರಿಂದ ಹನ್ನೊಂದರ ತನಕ ಲೈನ್ ಆಫ್ ಮಾಡಿಕೊಡ್ತೀನಿ ಅಂತ ಪವರ್‌ಮನ್ ಹುಡುಗ ಹೇಳಿದಾನೆ. ನಮ್ಮ ಹಕ್ಲಿಂದ ಟಿಸಿ ತನಕ ಯಾರ್ಯಾರ ಮರ ಲೈನಿಗೆ ತಾಗುತ್ತೋ ಅವರು ಕತ್ತಿ ತಗೊಂಡು ಬನ್ನಿ, ಏಣಿ ಹಗ್ಗ ನಮ್ಮನೇಲಿದೆ, ತಿಂಡಿಯೂ ನಮ್ಮಲ್ಲೇ. ಅವನು ಬಂದು ಎಲ್‌ಸಿ ಸಿಕ್ಕಿದೆ ಅಂತ ಬಾಯಿಬಿಟ್ಟು ಹೇಳೋ ತನಕ ಯಾರೂ ಮರ ಹತ್ತಬೇಡಿ.